ಕಡಲ ಬದಿಯ ಮನೆಗೆ ವಿಮೆ: ಪ್ರೀಮಿಯಂ ಏರುವುದು ಯಾವುದರಿಂದ, ಇಳಿಯುವುದು ಯಾವುದರಿಂದ

ಮಂಗಳೂರಿನ ಸುತ್ತಮುತ್ತ ಕಡಲ ಬದಿಯಲ್ಲಿ ಮನೆ ಇರುವವರು ವಿಮೆಯ ಮಾತು ಬಂದರೆ ಮೊದಲು ಕೇಳುವುದು ಒಂದೇ: "ಸಮುದ್ರ ಹತ್ತಿರ ಅಲ್ವಾ, ರೇಟ್ ತುಂಬಾ ಜಾಸ್ತಿ ಇರಬಹುದಾ?" ಉಳ್ಳಾಲ, ಸೋಮೇಶ್ವರ, ತಣ್ಣೀರುಬಾವಿ, ಸುರತ್ಕಲ್, ಹೆಜಮಾಡಿ, ಕಾಪು, ಮಲ್ಪೆ, ಎಲ್ಲ ಕಡೆಯೂ ಇದೇ ಪ್ರಶ್ನೆ.

ಉತ್ತರ ಸ್ವಲ್ಪ ವಿಚಿತ್ರ. ನಮ್ಮ ಕರಾವಳಿಯಲ್ಲಿ ಪ್ರೀಮಿಯಂ ಹೆಚ್ಚೋ ಕಡಿಮೆಯೋ ಆಗುವುದು ಸಮುದ್ರ ಎಷ್ಟು ಹತ್ತಿರ ಎನ್ನುವುದಕ್ಕಿಂತ, ಆ ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕು ಎನ್ನುವುದರ ಮೇಲೆ. ಇನ್ನು ಸಮುದ್ರದ ಪಕ್ಕ ಇರುವವರಿಗೆ ನಿಜವಾಗಿ ಭಯ ಹುಟ್ಟಿಸುವ ಕಡಲ್ಕೊರೆತ ಇದೆಯಲ್ಲ, ಅದು ಸಾಮಾನ್ಯ ಮನೆ ವಿಮೆಯೊಳಗೆ ಇಲ್ಲವೇ ಇಲ್ಲ. ಹಾಗಾಗಿ ರೇಟ್ ಕೇಳುವ ಮೊದಲು ಏನನ್ನು ಕೊಳ್ಳುತ್ತಿದ್ದೇವೆ ಎಂದು ನೋಡೋಣ.

ಮೊದಲು: ಪಾಲಿಸಿಯಲ್ಲಿ ಏನಿದೆ, ಏನಿಲ್ಲ

2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಇದರ ಮೂಲ ಷರತ್ತುಗಳನ್ನು ಬರೆದಿದೆ. ಬೆಂಕಿ ವಿಮೆ ಮಾರುವ ಕಂಪನಿಗಳು ಇದನ್ನು ಇಟ್ಟುಕೊಂಡಿರಲೇಬೇಕು. ಯಾವ ಕಂಪನಿಯಿಂದ ಕೊಂಡರೂ ಮೂಲ ಮಾತು ಒಂದೇ. ಬೆಲೆ ಮಾತ್ರ ಬೇರೆ ಬೇರೆ. ಕೊಳ್ಳುವವರಿಗೆ ಇದರಿಂದ ಒಂದು ಅನುಕೂಲ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಒಳಗೆ ಇರುವುದು ಇಷ್ಟು: ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ನೆರೆ, ಭೂಕುಸಿತ, ಹೊರಗಿನ ವಸ್ತು ಬಡಿದು ಆಗುವ ಹಾನಿ, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ಹಾನಿ. ಇಂಥ ಘಟನೆಯ ನಂತರ 7 ದಿನದೊಳಗೆ, ಅದರಿಂದಾಗಿಯೇ ಆದ ಕಳ್ಳತನವೂ ಸೇರುತ್ತದೆ. ಹಿಂದಿನ ಬೆಂಕಿ ವಿಮೆಯಲ್ಲಿ ಭೂಕಂಪಕ್ಕೂ ಭಯೋತ್ಪಾದನೆಗೂ ಬೇರೆಯೇ ದುಡ್ಡು ಕಟ್ಟಬೇಕಿತ್ತು. ಈಗ ಅವೆರಡೂ ಒಳಗೇ ಇವೆ.

'ಹೊರಗಿನ ವಸ್ತು ಬಡಿದು' ಎಂಬ ಮಾತನ್ನು ಕರಾವಳಿಯವರು ಗಮನಿಸಬೇಕು. ಬೀಳುವ ಮರ, ಬೀಳುವ ಗೋಡೆ ಎರಡನ್ನೂ ಪಾಲಿಸಿಯೇ ಉದಾಹರಣೆಯಾಗಿ ಹೆಸರಿಸಿದೆ. ನಮ್ಮಲ್ಲಿ ಮನೆ ಪಕ್ಕ ತೆಂಗಿನ ಮರ ಇಲ್ಲದ ಅಂಗಳ ಎಲ್ಲಿದೆ? ಗೋಡೆಯ ವಿಷಯವೂ ಸಣ್ಣದಲ್ಲ. 2024ರ ಜೂನ್‌ನಲ್ಲಿ ಕುತ್ತಾರು ಮದನಿನಗರದಲ್ಲಿ ಮಳೆಗೆ ಪಕ್ಕದ ಮನೆಯ ಕಂಪೌಂಡ್ ಗೋಡೆ ಕುಸಿದು ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಗುಡ್ಡ ಕಡಿದು ಮೆಟ್ಟಿಲಿನ ಹಾಗೆ ಮನೆ ಕಟ್ಟುವ ನಮ್ಮ ಊರುಗಳಲ್ಲಿ ಮೇಲಿನ ಮನೆಯ ಪಾಗಾರ ಕೆಳಗಿನ ಮನೆಗೆ ಯಾವಾಗಲೂ ಒಂದು ಅಪಾಯ.

ಈಗ ಇಲ್ಲದ್ದು. ಭೂಕುಸಿತದ ಷರತ್ತಿನ ಕೆಳಗೇ ಹೊರಗಿಟ್ಟವುಗಳ ಪಟ್ಟಿ ಇದೆ. ಸಮುದ್ರ ಅಥವಾ ನದಿಯ ಕೊರೆತ ಅದರಲ್ಲಿ ಒಂದು. ಹೊಸ ಮನೆ ಕೂರುವಾಗ ಬರುವ ಸಾಮಾನ್ಯ ಬಿರುಕು, ಮಣ್ಣು ತುಂಬಿಸಿದ ಜಾಗ ಕುಸಿಯುವುದು, ಕೆಟ್ಟ ವಿನ್ಯಾಸ ಅಥವಾ ಕಳಪೆ ಕೆಲಸ, ಪಕ್ಕದಲ್ಲಿ ನೆಲ ಅಗೆದದ್ದರಿಂದ ಆದ ಹಾನಿ, ಇವೂ ಹೊರಗೇ. ಗದ್ದೆ ತುಂಬಿಸಿ, ಹಿನ್ನೀರಿನ ಬದಿಗೆ ಮಣ್ಣು ಹಾಕಿಸಿ ಸೈಟ್ ಮಾಡಿದ ಬಡಾವಣೆಗಳು ನಮ್ಮಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಅಲ್ಲಿ ಮನೆ ಇದ್ದರೆ ಆ ಸಾಲನ್ನು ಎರಡು ಸಲ ಓದಿ.

ಹಾಗಾದರೆ ಅಲೆ ಬಂದು ಮನೆಗೆ ಬಡಿದರೆ? ಇಲ್ಲೇ ತಕರಾರು ಹುಟ್ಟುವುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿದಾಗ ಉಳ್ಳಾಲ, ಸೋಮೇಶ್ವರ, ಉಚ್ಚಿಲ ಬಟ್ಟಪ್ಪಾಡಿಯ ಕಡೆ ಸಮುದ್ರ ಮನೆಗಳವರೆಗೆ ಬಂತು. ಚಂಡಮಾರುತದ ಅಲೆ ಅಂಗಳಕ್ಕೆ ನುಗ್ಗಿ ಗೋಡೆ ಬಿದ್ದರೆ, ಮನೆಯೊಳಗೆ ನೀರು ನಿಂತು ಹಾಳಾದರೆ, ಅದು ಬಿರುಗಾಳಿ ಅಥವಾ ನೆರೆಯ ಲೆಕ್ಕಕ್ಕೆ ಬರುತ್ತದೆ. ವರ್ಷದಿಂದ ವರ್ಷಕ್ಕೆ ದಂಡೆ ಕರಗುತ್ತಾ ಬಂದು, ಅಡಿಪಾಯದ ಕೆಳಗಿನ ಮರಳು ಹೋಗಿ ಮನೆ ವಾಲಿದರೆ ಅದು ಕೊರೆತ. ಎರಡೂ ಒಂದೇ ವಾರದಲ್ಲಿ ಆದರೆ ಯಾವುದರಿಂದ ಎಷ್ಟು ಹಾನಿ ಎಂದು ಬರೆಯುವವರು ಸರ್ವೇಯರ್, ಅಂದರೆ ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವವರು. ಮೊದಲಿನ ಫೋಟೋ, ತಾರೀಖು, ಹವಾಮಾನ ಇಲಾಖೆಯ ಎಚ್ಚರಿಕೆ, ಪಂಚಾಯತ್ ಅಥವಾ ಕಂದಾಯ ಇಲಾಖೆಯ ವರದಿ, ಇವೆಲ್ಲ ಅಲ್ಲಿ ಉಪಯೋಗಕ್ಕೆ ಬರುತ್ತವೆ.

ದಂಡೆಯೇ ಕರಗುತ್ತಿರುವ ಜಾಗದಲ್ಲಿ ಮನೆ ಇದ್ದರೆ ನಾನು ನೇರವಾಗಿಯೇ ಹೇಳುತ್ತೇನೆ. ವಿಮೆ ಮಾಡಿಸಿ, ಗಾಳಿ, ಸಿಡಿಲು, ಬೆಂಕಿಗೆ ಅದು ಬೇಕು. ಆದರೆ ಕೊರೆತಕ್ಕೆ ಅದನ್ನು ನಂಬಬೇಡಿ. ಅಲ್ಲಿ ಕೆಲಸ ಮಾಡುವುದು ತಡೆಗೋಡೆ, ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನಿಂದ ಕಡಲೊಳಗೆ ಮಾಡಿದಂಥ ಕಾಮಗಾರಿ, ಅಥವಾ ಜಾಗ ಬಿಡುವುದು. ಇನ್ನು ಸರ್ಕಾರದ ಪರಿಹಾರ. 2022ರಿಂದ 26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ನಿಯಮದಲ್ಲಿ ಬಯಲು ಪ್ರದೇಶದ ಪಕ್ಕಾ ಮನೆ ಪೂರ್ತಿ ಹೋದರೆ 1.20 ಲಕ್ಷ ರೂಪಾಯಿ, ಸ್ವಲ್ಪ ಭಾಗ ಹಾಳಾದರೆ 6,500 ರೂಪಾಯಿ ಇತ್ತು. ಅದರಲ್ಲಿ ಮನೆ ಎದ್ದು ನಿಲ್ಲುವುದಿಲ್ಲ.

ಎರಡನೆಯದು: ಮತ್ತೆ ಕಟ್ಟುವ ಖರ್ಚಿನ ಲೆಕ್ಕ

ಪ್ರೀಮಿಯಂ ಎಂದರೆ ವಿಮಾ ಮೊತ್ತ ಗುಣಿಸು ದರ. ದರ ನಿಮ್ಮ ಕೈಯಲ್ಲಿಲ್ಲ. ಮೊತ್ತ ನಿಮ್ಮ ಕೈಯಲ್ಲಿದೆ. ಜನ ಹೆಚ್ಚು ಎಡವುವುದೂ ಇಲ್ಲೇ.

ಮೊದಲನೆಯದಾಗಿ ಜಾಗದ ಬೆಲೆಯನ್ನು ಸೇರಿಸಬಾರದು. ಬೀಚ್ ಕಾಣುವ ಜಾಗಕ್ಕೆ ಸೆಂಟ್ಸ್‌ಗೆ ಎಷ್ಟು ಹೇಳುತ್ತಾರೆ ಎನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಬೆಂಕಿ ಬಿದ್ದರೆ ಜಾಗ ಸುಡುವುದಿಲ್ಲ. "ಒಂದು ಕೋಟಿಯ ಮನೆ, ಒಂದು ಕೋಟಿಗೆ ಮಾಡಿಸಿ" ಎಂದರೆ ಮಾಡಿಕೊಡುವವರು ಇರುತ್ತಾರೆ. ಆದರೆ ಪರಿಹಾರ ಸಿಗುವುದು ಕಟ್ಟಡದ ನಷ್ಟಕ್ಕೆ ಮಾತ್ರ.

ಎರಡನೆಯದು, ಕಾರ್ಪೆಟ್ ಏರಿಯಾ, ಅಂದರೆ ಗೋಡೆ ಬಿಟ್ಟು ಒಳಗೆ ಬಳಸಲು ಸಿಗುವ ನೆಲದ ಅಳತೆ. ಗೃಹ ರಕ್ಷಾ ಪಾಲಿಸಿಯಲ್ಲಿ ಮನೆಯ ಮೊತ್ತ ಬರುವುದು ಕಾರ್ಪೆಟ್ ಏರಿಯಾವನ್ನು ಆ ದಿನದ ಕಟ್ಟುವ ದರದಿಂದ ಗುಣಿಸಿ. ಕಂಟ್ರಾಕ್ಟರ್ ಮಾತಾಡುವುದು ಸಾಮಾನ್ಯವಾಗಿ ಬಿಲ್ಟ್‌ಅಪ್ ಏರಿಯಾದಲ್ಲಿ. ಗೋಡೆ, ಸಿಟೌಟ್ ಎಲ್ಲ ಸೇರಿದ ಅಳತೆ ಅದು. ಎರಡನ್ನೂ ಬೆರೆಸಿದರೆ ಮೊತ್ತ ಕಡಿಮೆ ಬೀಳುತ್ತದೆ.

ಲೆಕ್ಕಕ್ಕೆಂದು ಒಂದು ಮನೆ ಇಟ್ಟುಕೊಳ್ಳಿ. ಬಿಲ್ಟ್‌ಅಪ್ 1,800 ಚದರ ಅಡಿ. ಕಂಟ್ರಾಕ್ಟರ್ ದರ ಚದರ ಅಡಿಗೆ 2,000 ರೂಪಾಯಿ. ಒಟ್ಟು 36 ಲಕ್ಷ. ಕಾರ್ಪೆಟ್ ಏರಿಯಾ 1,500 ಚದರ ಅಡಿ. ಅರ್ಜಿಯಲ್ಲಿ 1,500 ಎಂದು ಬರೆದು ಅದೇ 2,000 ದರ ಹಾಕಿದರೆ ಮೊತ್ತ 30 ಲಕ್ಷ. ಆರು ಲಕ್ಷ ಸುಮ್ನೆ ಬಿಟ್ಟುಹೋಯಿತು. ಸರಿಯಾದ ದರ 36 ಲಕ್ಷವನ್ನು 1,500ರಿಂದ ಭಾಗಿಸಿದಾಗ ಬರುವ 2,400.

ಇದಕ್ಕೆ ಹೊರಗಿನವು ಸೇರಬೇಕು. ಪಾಗಾರ, ಗೇಟು, ತಡೆಗೋಡೆ, ಕಾರ್ ಶೆಡ್, ನೀರಿನ ಟ್ಯಾಂಕ್, ಸೋಲಾರ್ ಪ್ಯಾನೆಲ್, ಹಿಂದಿನ ಸೌದೆ ಕೊಟ್ಟಿಗೆ. ಇವೂ ಮನೆಯ ಭಾಗವೇ, ಆದರೆ ಇವುಗಳ ಬೆಲೆಯನ್ನು ಬೇರೆಯಾಗಿ ಬರೆಯಬೇಕು. ಇಳಿಜಾರಿನಲ್ಲಿರುವ ಮನೆಗೆ ಮುರಕಲ್ಲಿನ ತಡೆಗೋಡೆಯೊಂದೇ ಕೆಲವು ಲಕ್ಷ ನುಂಗಿರುತ್ತದೆ. ಅದನ್ನು ಅರ್ಜಿಯಲ್ಲಿ ಬರೆಯದವರೇ ಹೆಚ್ಚು. ನಮ್ಮ ಉದಾಹರಣೆಗೆ ಇದೆಲ್ಲ 4 ಲಕ್ಷ ಎಂದುಕೊಂಡರೆ ಒಟ್ಟು 40 ಲಕ್ಷ.

ಸಾವಿರಕ್ಕೆ 50 ಪೈಸೆ ದರ ಎಂದು ಊಹಿಸೋಣ. ಇದು ಲೆಕ್ಕ ಸುಲಭವಾಗಲಿ ಎಂದು ಇಟ್ಟ ದರ ಅಷ್ಟೆ, ಯಾವ ಕಂಪನಿಯದ್ದೂ ಅಲ್ಲ. 40 ಲಕ್ಷಕ್ಕೆ 2,000 ರೂಪಾಯಿ. ಜಿಎಸ್‌ಟಿ ಶೇ. 18, ಅಂದರೆ 360. ಒಟ್ಟು 2,360. ಇದೇ ಮನೆಗೆ 60 ಲಕ್ಷದ ಜಾಗವನ್ನೂ ಸೇರಿಸಿ ಒಂದು ಕೋಟಿಗೆ ಮಾಡಿಸಿದರೆ 5,900. ಸಮುದ್ರದ ಹೆಸರಿನಲ್ಲಿ ಕಂಪನಿ ಎಷ್ಟು ದರ ಏರಿಸೀತು ಎಂದು ತಲೆ ಕೆಡಿಸಿಕೊಳ್ಳುವವರು ಈ ವ್ಯತ್ಯಾಸವನ್ನು ನೋಡಬೇಕು. ಜಿಎಸ್‌ಟಿ ಬಗ್ಗೆ ಒಂದು ಮಾತು: 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ತೆರಿಗೆ ತೆಗೆದರಲ್ಲ, ಅದು ಮನೆ ವಿಮೆಗೆ ಬರಲಿಲ್ಲ.

ಹಾಗೆಂದು ಮೊತ್ತ ಇಳಿಸಿ ಉಳಿಸುವುದಕ್ಕೂ ಹೋಗಬೇಡಿ. ಇಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಹಳೆಯ ಬೆಂಕಿ ವಿಮೆಯಲ್ಲಿ 40 ಲಕ್ಷದ ಮನೆಗೆ 20 ಲಕ್ಷಕ್ಕೆ ಮಾಡಿಸಿ 8 ಲಕ್ಷ ನಷ್ಟ ಆದರೆ ಅರ್ಧ ಮಾತ್ರ, 4 ಲಕ್ಷ ಕೊಡುತ್ತಿದ್ದರು. ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ, 8 ಲಕ್ಷವೇ ಸಿಗಬೇಕು. ಆದರೆ ಮನೆ ಪೂರ್ತಿ ಹೋದರೆ ಸಿಗುವುದು 20 ಲಕ್ಷ ಮಾತ್ರ. ಸಣ್ಣ ನಷ್ಟವನ್ನು ಹೇಗೋ ತಡೆದುಕೊಳ್ಳಬಹುದು. ವಿಮೆ ಬೇಕಾಗುವುದೇ ದೊಡ್ಡದಕ್ಕೆ, ಅಲ್ವಾ?

ಮೂರನೆಯದು: ಸಮುದ್ರ ಲೆಕ್ಕಕ್ಕೆ ಬರುವುದು ಹೇಗೆ

ಅಳತೆ ಟೇಪು ಹಿಡಿದು ನಿಮ್ಮ ಮನೆಗೂ ಅಲೆಗೂ ಎಷ್ಟು ದೂರ ಎಂದು ಯಾರೂ ಬಂದು ನೋಡುವುದಿಲ್ಲ. ಹೆಚ್ಚಾಗಿ ನೋಡುವುದು ಪಿನ್‌ಕೋಡ್. ಒಂದೇ ಪಿನ್‌ಕೋಡ್‌ನಲ್ಲಿ ಮರಳ ಮೇಲಿನ ಮನೆಯೂ ಇರುತ್ತದೆ, ಹೆದ್ದಾರಿ ದಾಟಿ ಗುಡ್ಡ ಹತ್ತಿದ ಮನೆಯೂ ಇರುತ್ತದೆ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದರ. ಗುಡ್ಡದವರಿಗೆ ಇದು ಅನ್ಯಾಯ ಅನ್ನಿಸಬಹುದು. ಆದರೆ ಗುಡ್ಡದವರಿಗೆ ಭೂಕುಸಿತ ಇದೆ, ಸುಮ್ಮನಿರಿ ಎನ್ನುತ್ತೇನೆ ನಾನು. 2024ರ ಜುಲೈಯಲ್ಲಿ ಅಂಕೋಲದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಬಂದದ್ದು ಮರೆತಿಲ್ಲ ತಾನೇ.

ಚಂಡಮಾರುತದ ಲೆಕ್ಕದಲ್ಲಿ ನಮ್ಮ ಕರಾವಳಿ ಪೂರ್ವ ಕರಾವಳಿಯಷ್ಟು ಕೆಟ್ಟ ಜಾಗ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಎದ್ದರೆ ಅರಬ್ಬಿ ಸಮುದ್ರದಲ್ಲಿ ಒಂದು ಎನ್ನುವುದು ಹಳೆಯ ಸರಾಸರಿ. ಕಟ್ಟಡ ವಿನ್ಯಾಸಕ್ಕೆ ಬಳಸುವ ಐಎಸ್ 875 ಸಂಹಿತೆಯಲ್ಲಿ ಮಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಚೆನ್ನೈಗೂ ವಿಶಾಖಪಟ್ಟಣಕ್ಕೂ 50. ಆದರೆ 2017ರ ಒಖಿ, 2019ರ ಕ್ಯಾರ್, 2021ರ ತೌಕ್ತೆ ಒಂದರ ಹಿಂದೆ ಒಂದು ಬಂದ ಮೇಲೆ ಅರಬ್ಬಿ ಸಮುದ್ರ ಶಾಂತ ಎಂದು ಯಾರೂ ಹೇಳುತ್ತಿಲ್ಲ. ಇಂಥ ನಷ್ಟದ ಲೆಕ್ಕ ಹೆಚ್ಚಾದಂತೆ ದರವೂ ಏರುತ್ತದೆ, ನೀವು ಒಂದೂ ಕ್ಲೈಮ್ ಮಾಡದಿದ್ದರೂ.

ಭೂಕಂಪದ್ದೂ ಒಂದು ಪಾಲಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯನ್ನು ಭಾರತೀಯ ಮಾನಕದ 2002ರ ಭೂಕಂಪ ನಕ್ಷೆಯಲ್ಲಿ ವಲಯ 3ಕ್ಕೆ ಸೇರಿಸಿದ್ದಾರೆ. ಬೆಂಗಳೂರು ವಲಯ 2. ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಿಮ್ಮ ಜಿಲ್ಲೆಯ ಗಾಳಿ, ನೆರೆ, ಭೂಕಂಪದ ಚಿತ್ರ ಬೇಕಿದ್ದರೆ ಕೇಂದ್ರ ಸರ್ಕಾರದ ಸಂಸ್ಥೆ ಬಿಎಂಟಿಪಿಸಿ ಹೊರತಂದ ವಲ್ನರೆಬಿಲಿಟಿ ಅಟ್ಲಾಸ್ ಎಂಬ ಅಪಾಯದ ನಕ್ಷೆಗಳ ಪುಸ್ತಕ ಇದೆ, ತೆರೆದು ನೋಡಿ. ಜಾಗ ಕೊಳ್ಳುವ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು: ಗೋಡೆ, ಛಾವಣಿ, ಕಬ್ಬಿಣ

ಅರ್ಜಿಯಲ್ಲಿ ಮನೆ ಪಕ್ಕಾವೋ ಕಚ್ಚಾವೋ ಎಂದು ಕೇಳುತ್ತಾರೆ. ಹಲಗೆ, ಮಡಲು, ಬಿದಿರು, ಹುಲ್ಲು, ಟಾರ್ಪಾಲಿನಿಂದ ಮಾಡಿದ ಗೋಡೆ ಅಥವಾ ಮಾಡು ಇದ್ದರೆ ಕಚ್ಚಾ. ಅಂಥ ಮನೆಗೆ ದರ ಬೇರೆ, ಕೆಲವರು ತೆಗೆದುಕೊಳ್ಳುವುದೂ ಇಲ್ಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಹಳೆಯ ಮನೆ ಕಚ್ಚಾ ಅಲ್ಲ. ಕೆಲವೊಮ್ಮೆ ಬೆಂಗಳೂರಿನ ಕಾಲ್‌ಸೆಂಟರ್‌ನಲ್ಲಿ ಕೂತವರಿಗೆ ಹಂಚು ಎಂದರೆ ಹುಲ್ಲಿನ ಪಕ್ಕದ ಸಂಗತಿ ಅನ್ನಿಸಿಬಿಡುತ್ತದೆ. 1865ರಲ್ಲೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಆ ಹಂಚು ಹಡಗು ಹತ್ತಿ ಊರೂರಿಗೆ ಹೋದದ್ದು, ಇದನ್ನೆಲ್ಲ ಅವರಿಗೆ ವಿವರಿಸುತ್ತಾ ಕೂರುವ ಬದಲು ಒಂದು ಕೆಲಸ ಮಾಡಿ. 'ಮುರಕಲ್ಲಿನ ಗೋಡೆ, ಮರದ ಪಕಾಸು, ಸುಟ್ಟ ಮಣ್ಣಿನ ಹಂಚು' ಎಂದು ಬಿಡಿಸಿ ಬರೆದು ಫೋಟೋ ಜೊತೆಗೆ ಕಳಿಸಿ.

ಇನ್ನೊಂದು, ತಾರಸಿ ಮೇಲಿನ ಶೀಟು. ಮಳೆಗೆ ಸೋರುತ್ತದೆ ಎಂದು ಆರ್‌ಸಿಸಿ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದಿಸುವುದು ನಮ್ಮ ಕಡೆ ಮಾಮೂಲು. ಗಾಳಿ ಬಂದರೆ ಮೊದಲು ಹಾರುವುದೂ ಅದೇ. ಹಾರಿ ಪಕ್ಕದ ಮನೆಯ ಹಂಚು ಒಡೆಯುವುದೂ ಅದೇ. ಮನೆ ಕಟ್ಟಿ ಎಷ್ಟೋ ವರ್ಷದ ನಂತರ ಶೀಟ್ ಹಾಕಿಸಿದವರ ಪಾಲಿಸಿಯಲ್ಲಿ ಅದರ ಉಲ್ಲೇಖವೇ ಇರುವುದಿಲ್ಲ. ಅದರ ಬೆಲೆಯನ್ನೂ ಸೇರಿಸಿ ತಿಳಿಸಿ. ಬೋಲ್ಟುಗಳನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ನೋಡಿಸಿ. ಉಪ್ಪುಗಾಳಿಗೆ ಅವು ತಿಂದುಹೋಗಿರುತ್ತವೆ.

ಉಪ್ಪಿನ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುವುದನ್ನು ಸಮುದ್ರ ಬದಿಯ ಹಳೆಯ ಮನೆಗಳಲ್ಲಿ ನೋಡಿರುತ್ತೀರಿ. ಇದು ನಿಧಾನಕ್ಕೆ ಆಗುವ ಹಾನಿ. ಯಾವುದೋ ಒಂದು ಘಟನೆಯಿಂದ ಆದದ್ದಲ್ಲ. ಆದ್ದರಿಂದ ವಿಮೆ ಇದಕ್ಕೆ ಕೊಡುವುದಿಲ್ಲ. ತಾರಸಿ ಸೋರುವುದು, ಗೋಡೆಗೆ ಪಾಚಿ, ಗೆದ್ದಲು, ಇವಕ್ಕೂ ಇದೇ ಉತ್ತರ. ಇನ್ನೂ ಕೆಟ್ಟದ್ದೇನೆಂದರೆ, ಗಾಳಿಗೆ ಸಜ್ಜಾ ಬಿದ್ದಾಗ 'ಕಬ್ಬಿಣ ಮೊದಲೇ ತಿಂದುಹೋಗಿತ್ತು' ಎಂದು ಸರ್ವೇಯರ್ ಬರೆದರೆ ಕ್ಲೈಮ್ ಅಲ್ಲಿಗೇ ಬಡವಾಗುತ್ತದೆ.

ಹೊಸದಾಗಿ ಕಟ್ಟುವವರು ಮೇಸ್ತ್ರಿಗೆ ಎರಡು ಸಂಖ್ಯೆ ಹೇಳಿ. ಕಾಂಕ್ರೀಟಿನ ಐಎಸ್ 456 ಸಂಹಿತೆಯ ಪ್ರಕಾರ ಕರಾವಳಿಯ ಗಾಳಿಗೆ ನೇರ ಒಡ್ಡಿಕೊಂಡ ಆರ್‌ಸಿಸಿಗೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್ ಬೇಕು (ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ), ಕಬ್ಬಿಣದ ಮೇಲೆ 45 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹೊದಿಕೆ ಬೇಕು. ಅಲೆಯ ತುಂತುರು ತಗಲುವ ಜಾಗದಲ್ಲಿ ಎಂ35, 50 ಮಿಲಿಮೀಟರ್. "ನಾವು ಯಾವಾಗಲೂ ಎಂ20ಯಲ್ಲೇ ಮಾಡುವುದು, ಏನೂ ಆಗುವುದಿಲ್ಲ ಅಣ್ಣಾ" ಎಂದು ಮೇಸ್ತ್ರಿ ನಗಬಹುದು. ಹದಿನೈದು ವರ್ಷದ ನಂತರ ಅವನು ಬೇರೆ ಕಡೆ ಇರುತ್ತಾನೆ. ಇದರಿಂದ ಪ್ರೀಮಿಯಂ ತಕ್ಷಣ ಇಳಿಯುವುದಿಲ್ಲ, ನಿಜ. ಮನೆಗೆ ವಯಸ್ಸಾದಾಗ ಕಂಪನಿಯವರು ಪರೀಕ್ಷೆಗೆ ಬಂದು ದರ ಏರಿಸುವುದೋ ಬೇಡ ಎನ್ನುವುದೋ ಆಗದ ಹಾಗೆ ನೋಡಿಕೊಳ್ಳಬಹುದು.

ಐದನೆಯದು: ಮನೆಯಲ್ಲಿ ಯಾರಿದ್ದಾರೆ

ನೀವೇ ವಾಸ ಇದ್ದರೆ ತಕರಾರಿಲ್ಲ. ಬಾಡಿಗೆಗೆ ಕೊಟ್ಟಿದ್ದರೆ ತಿಳಿಸಿ. ಬೀಚ್ ಹತ್ತಿರ ಎಂದು ಎರಡು ಕೋಣೆಯನ್ನು ಹೋಂಸ್ಟೇ ಮಾಡಿದ್ದರೆ ಖಂಡಿತ ತಿಳಿಸಿ. ಅದು ವಸತಿಯಿಂದ ವ್ಯವಹಾರಕ್ಕೆ ಸರಿಯುತ್ತದೆ, ದರವೂ ಪಾಲಿಸಿಯೂ ಬದಲಾಗಬಹುದು. ಮನೆ ದರದಲ್ಲಿ ಕಟ್ಟಿ ಹೋಂಸ್ಟೇ ನಡೆಸಿ, ಬೆಂಕಿ ಬಿದ್ದ ಮೇಲೆ 'ಗೆಸ್ಟ್ ಅಲ್ಲ, ನೆಂಟರು' ಎಂದರೆ ನಂಬುವವರಿಲ್ಲ. ಅತಿಥಿಗಳ ರಿವ್ಯೂ ಇಂಟರ್ನೆಟ್ಟಿನಲ್ಲಿ ಬಿದ್ದಿರುತ್ತದೆ.

ನಮ್ಮ ಊರುಗಳ ಇನ್ನೊಂದು ವಿಶೇಷ ಬೀಗ ಹಾಕಿದ ಮನೆ. ಮಗ ದುಬೈಯಲ್ಲಿ, ಮಗಳು ಮುಂಬೈಯಲ್ಲಿ, ಮನೆ ವರ್ಷಕ್ಕೊಮ್ಮೆ ತೆರೆಯುವುದು. ತುಂಬಾ ದಿನ ಖಾಲಿ ಇರುವ ಮನೆಯ ಬಗ್ಗೆ ಪಾಲಿಸಿ ಏನು ಹೇಳುತ್ತದೆ ಎಂದು ಓದಿ, ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ, ಉತ್ತರವನ್ನು ಇಟ್ಟುಕೊಳ್ಳಿ. ಫೋನ್‌ನಲ್ಲಿ ಹೇಳಿದ್ದು ಹೇಳಿದ ಹಾಗಲ್ಲ. ಹತ್ತಿರದ ಒಬ್ಬರ ಕೈಯಲ್ಲಿ ಕೀ ಇರಲಿ. ಜೂನ್‌ನಲ್ಲಿ ಒಡೆದ ಹಂಚು ಡಿಸೆಂಬರ್ ರಜೆಯಲ್ಲಿ ಕಂಡರೆ, ಅಷ್ಟರಲ್ಲಿ ಇಡೀ ಮಳೆಗಾಲ ಮನೆಯೊಳಗೆ ಸುರಿದಿರುತ್ತದೆ.

ಫ್ಲ್ಯಾಟ್ ಇದ್ದವರಿಗೆ

ಚಿಕ್ಕದಾಗಿ ಹೇಳುತ್ತೇನೆ. ಅಸೋಸಿಯೇಷನ್ ಇಡೀ ಕಟ್ಟಡಕ್ಕೆ ವಿಮೆ ಮಾಡಿಸಿದೆಯೇ ಎಂದು ಮೊದಲು ಕೇಳಿ. ಮಾಡಿಸಿದ್ದರೆ ಅದರ ಪ್ರತಿ ತರಿಸಿ, ನಿಮ್ಮ ಫ್ಲ್ಯಾಟ್ ಅದರಲ್ಲಿ ಸೇರಿದೆಯೇ ನೋಡಿ. ಒಂದೇ ಗೋಡೆಗೆ ಎರಡು ಕಡೆ ಕಟ್ಟಿದರೆ ಎರಡು ಪಟ್ಟು ಸಿಗುವುದಿಲ್ಲ, ನಷ್ಟ ಎಷ್ಟೋ ಅಷ್ಟೇ. ಫ್ಲ್ಯಾಟ್ ಕೊಂಡ ಬೆಲೆಗೆ ವಿಮೆ ಬೇಡ. ಅದರಲ್ಲಿ ಜಾಗದ ಪಾಲು, ಬಿಲ್ಡರ್ ಲಾಭ, ಸಮುದ್ರ ಕಾಣುವ ಬಾಲ್ಕನಿಯ ಬೆಲೆ ಎಲ್ಲ ಇರುತ್ತದೆ.

ಆರನೆಯದು: ಅವಧಿ, ಸಾಮಾನು, ಬ್ಯಾಂಕ್

ಗೃಹ ರಕ್ಷಾವನ್ನು 10 ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು. ಒಟ್ಟಿಗೆ ಕಟ್ಟಿದರೆ ಸಾಮಾನ್ಯವಾಗಿ ರಿಯಾಯಿತಿ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಪಾಲಿಸಿಯಲ್ಲಿ ಮನೆಯ ವಿಮಾ ಮೊತ್ತ ಪ್ರತಿ ವರ್ಷ ಶೇ. 10ರಂತೆ ತಾನಾಗಿಯೇ ಏರುತ್ತದೆ, ಅದಕ್ಕೆ ಬೇರೆ ಪ್ರೀಮಿಯಂ ಇಲ್ಲ. ಮರಳು, ಕಲ್ಲು, ಕೂಲಿ ಯಾವುದೂ ನಿಂತಲ್ಲಿ ನಿಲ್ಲದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ವರ್ಷ ವರ್ಷ ನವೀಕರಿಸುವುದನ್ನು ಮರೆಯುವವರಿಗಂತೂ ಇದೇ ಸರಿ. ಐದಾರು ವರ್ಷದಲ್ಲಿ ಮನೆ ಮಾರುವ ಯೋಚನೆ ಇದ್ದರೆ ಮಾತ್ರ ಅಷ್ಟು ಉದ್ದ ಬೇಡ.

ಸಾಮಾನಿನ ವಿಷಯ. ಕಟ್ಟಡಕ್ಕೆ ಮಾಡಿಸಿದಾಗ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೆ ಪಟ್ಟಿ ಕೊಡದೆಯೇ ಸಿಗುತ್ತದೆ. ನಮ್ಮ 40 ಲಕ್ಷದ ಮನೆಗೆ 8 ಲಕ್ಷ. ತುಂಬಾ ಮನೆಗಳಿಗೆ ಇಷ್ಟು ಸಾಕು. ಆದರೂ ಮಾರುವವರು 'ಕಂಟೆಂಟ್ಸ್ ಕವರ್' ಎಂದು ಇನ್ನೊಂದು ಸಾಲು ಸೇರಿಸಿ ಪ್ರೀಮಿಯಂ ಏರಿಸುವುದುಂಟು. ಚಿನ್ನ, ಬೆಲೆಬಾಳುವ ವಸ್ತು ಇದ್ದರೆ ಅದಕ್ಕೆ ಬೇರೆ ಐಚ್ಛಿಕ ಕವರ್ ಬೇಕು. ಇಲ್ಲದಿದ್ದರೆ ಬೇಡ ಎನ್ನಿ.

ಸಾಲದ ಜೊತೆಗೆ ಬ್ಯಾಂಕ್ ಕೊಡುವ ವಿಮೆ ನೋಡುವಾಗ ಎರಡು ಸಂಗತಿ. ಒಂದು, ಅದು ಮನೆಯ ವಿಮೆಯೋ ಸಾಲಗಾರನ ಜೀವ ವಿಮೆಯೋ? ಎಷ್ಟೋ ಜನ ಮನೆಗೆ ವಿಮೆ ಇದೆ ಎಂದು ವರ್ಷಗಟ್ಟಲೆ ನಂಬಿರುತ್ತಾರೆ, ಕಾಗದ ತೆಗೆದರೆ ಅದು ಜೀವದ್ದಾಗಿರುತ್ತದೆ. ಎರಡು, ಮೊತ್ತ ಎಷ್ಟಕ್ಕೆ? ಸಾಲ 18 ಲಕ್ಷ ಎಂದು 18 ಲಕ್ಷಕ್ಕೇ ಮಾಡಿಸಿದ್ದರೆ ಬ್ಯಾಂಕ್ ಸುರಕ್ಷಿತ, ನೀವಲ್ಲ. ಅವರು ತೋರಿಸಿದ ಕಂಪನಿಯಲ್ಲೇ ಮಾಡಿಸಬೇಕಾಗಿಲ್ಲ. ಬೇರೆ ಕಡೆ ಮಾಡಿಸಿ, ಬ್ಯಾಂಕ್ ಹೆಸರನ್ನು ಪಾಲಿಸಿಯಲ್ಲಿ ಸೇರಿಸಿಕೊಟ್ಟರೆ ಆಯಿತು.

ಕಾಗದ ಪತ್ರ

ಸಮುದ್ರ ಬದಿಯಲ್ಲಿ ಇದೊಂದು ಬೇರೆಯೇ ತಲೆನೋವು. ಭರತದ ಗೆರೆಯಿಂದ 500 ಮೀಟರ್‌ವರೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ. 2019ರ ಅಧಿಸೂಚನೆಯಲ್ಲಿ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಪ್ರದೇಶಕ್ಕೆ ಕಟ್ಟಬಾರದ ವಲಯ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶಕ್ಕೆ 200 ಮೀಟರ್. ಪರವಾನಗಿ, ಡೋರ್ ನಂಬರ್, ಪಂಚಾಯತ್ ಕೊಡುವ 9/11 ನಮೂನೆ ಅಥವಾ ಇ-ಖಾತಾ, ತೆರಿಗೆ ರಸೀದಿ ಒಂದು ಕಡೆ ಇಡಿ. ಪಾಲಿಸಿ ಕೊಡುವಾಗ ಇವನ್ನೆಲ್ಲ ಯಾರೂ ಕೇಳದೇ ಇರಬಹುದು. ಕ್ಲೈಮ್ ಬಂದಾಗ ಕೇಳುತ್ತಾರೆ. ಪರವಾನಗಿ ಇಲ್ಲದೆ ಮೇಲೆ ಕಟ್ಟಿದ ಇನ್ನೊಂದು ಮಹಡಿಗೆ ಪ್ರೀಮಿಯಂ ಕಟ್ಟಿದ್ದೀರಿ ಎಂಬ ಒಂದೇ ಕಾರಣಕ್ಕೆ ಅದು ಸಕ್ರಮ ಆಗುವುದಿಲ್ಲ, ಮತ್ತೆ ಕಟ್ಟಲು ಅನುಮತಿಯೂ ಸಿಗಲಾರದು.

ಕೊನೆಯದು: ದರ ತರಿಸುವುದು

ಮೂಲ ಪಾಲಿಸಿ ಎಲ್ಲ ಕಡೆ ಒಂದೇ ಎಂದೆನಲ್ಲ. ಅನುಕೂಲ ಇಲ್ಲಿದೆ. ಕಾರ್ಪೆಟ್ ಏರಿಯಾ, ಕಟ್ಟುವ ದರ, ಹೊರಗಿನ ರಚನೆಗಳ ಬೆಲೆ, ಕಟ್ಟಿದ ವರ್ಷ, ಛಾವಣಿ, ವಾಸ, ಅವಧಿ, ಹಿಂದಿನ ಕ್ಲೈಮ್ ಇದ್ದರೆ ಅದು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅದೇ ಹಾಳೆಯನ್ನು ಮೂರು ಕಂಪನಿಗೆ ಕಳಿಸಿ, ಒಂದಾದರೂ ಸರ್ಕಾರಿ ಕಂಪನಿ ಇರಲಿ. ಬಂದ ಉತ್ತರದಲ್ಲಿ ಮೊದಲು ನೋಡಬೇಕಾದ್ದು ವಿಮಾ ಮೊತ್ತ, ಆಮೇಲೆ ಪ್ರೀಮಿಯಂ. 'ಕಡಿಮೆ' ಎಂದು ಬಂದ ದರದಲ್ಲಿ ಹೆಚ್ಚಾಗಿ ಆಗಿರುವುದು ಮೊತ್ತ ಕಡಿಮೆ. ಜಾಸ್ತಿ ಬಂದದ್ದರಲ್ಲಿ ಕೇಳದ ಕವರ್ ಏನಾದರೂ ಸೇರಿದೆಯೇ ನೋಡಿ, ತೆಗೆಸಿ, ಮತ್ತೆ ಕೇಳಿ. ಹಿಂದಿನ ಕ್ಲೈಮನ್ನು ಮುಚ್ಚಿಡಬೇಡಿ. ಅದರಿಂದ ದರ ಸ್ವಲ್ಪ ಏರಬಹುದು, ಮುಚ್ಚಿಟ್ಟರೆ ಪಾಲಿಸಿಯೇ ಹೋಗಬಹುದು.

ಇದನ್ನೆಲ್ಲ ಏಪ್ರಿಲ್‌ನಲ್ಲೇ ಶುರು ಮಾಡಿ. ಚಂಡಮಾರುತಕ್ಕೆ ಹೆಸರಿಟ್ಟು ಟಿವಿಯಲ್ಲಿ ಬಾಣದ ಗುರುತು ಬಂದ ಮೇಲೆ ಹೊಸ ಪಾಲಿಸಿ ಕೊಡಲು ಯಾರೂ ಉತ್ಸಾಹ ತೋರಿಸುವುದಿಲ್ಲ. ಪಾಲಿಸಿ ಕೈಗೆ ಬಂದ ದಿನವೇ ಮನೆಯ ನಾಲ್ಕೂ ಬದಿ, ಛಾವಣಿ, ಪಾಗಾರ, ತಡೆಗೋಡೆ, ಪ್ರತಿ ಕೋಣೆಯ ಫೋಟೋ ತೆಗೆದು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ತಾರೀಖು ಅದರಲ್ಲೇ ಉಳಿಯುತ್ತದೆ. ಹಾನಿ ಆದರೆ ಕಂಪನಿಗೆ ಕೂಡಲೇ ತಿಳಿಸಿ, ಸರ್ವೇಯರ್ ಬರುವವರೆಗೆ ಮುರಿದದ್ದನ್ನು ಎಸೆಯಬೇಡಿ. ಆದರೆ ಮಳೆ ಒಳಗೆ ಬಾರದ ಹಾಗೆ ಟಾರ್ಪಾಲು ಹೊದಿಸುವುದಕ್ಕೆ ಯಾರ ಅನುಮತಿಯೂ ಬೇಡ. ಕಂಪನಿ ಸತಾಯಿಸಿದರೆ ಐಆರ್‌ಡಿಎಐನ ದೂರು ವ್ಯವಸ್ಥೆ ಬಿಮಾ ಭರೋಸಾ ಇದೆ, ಉಚಿತ ಸಂಖ್ಯೆ 155255. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ.